ಬಗ್ಗಿದ ರಬ್ಬರ್ ಗಿಡಕ್ಕೆ ಎರಡು ಗಾಜಿನ ಹಂಚು

ಮೊದಲೇ ಹೇಳಿಬಿಡುತ್ತೇನೆ, ರಬ್ಬರ್ ಗಿಡಕ್ಕೆ ಆಸರೆಯಾಗಿ ಊರಿದ್ದ ಕೋಲು ತೆಗೆದು ವರ್ಷದ ಮೇಲಾಯಿತು. ಗಿಡ ಬಿದ್ದಿಲ್ಲ. ಬುಡದಲ್ಲಿ ಒಂದು ಗೇಣಿನಷ್ಟು ಡೊಂಕು ಉಳಿದಿದೆ. ಬಂದವರು ಕೇಳಿದರೆ ಚಂದಕ್ಕೆ ಬಿಟ್ಟದ್ದು ಅನ್ನುತ್ತೇನೆ, ನಿಜ ಹೇಳಬೇಕೆಂದರೆ ಅದು ಹೋಗಲಿಲ್ಲ.

ಈ ಗಿಡ ಸೀದಾ ಆಗುವುದಿಲ್ಲ ಅಂತ ಎರಡು ವರ್ಷ ನನಗೆ ಹೇಳದವರಿಲ್ಲ. ನರ್ಸರಿಯವನು "ಅಕ್ಕಾ, ಅದನ್ನ ಬಿಡಿ, ಹೊಸದು ಕೊಡ್ತೆ" ಅಂದ. ಅತ್ತೆಯದ್ದು ಬೇರೆಯೇ ತಕರಾರು: "ಹಣ್ಣಿಲ್ಲೆ, ಹೂವಿಲ್ಲೆ, ಎಂತಕ್ಕೆ ಕೂಸೆ ಇಷ್ಟು ಸೇವೆ?" ನಮ್ಮನೆಯವರು ಗಾದೆಯನ್ನೇ ತಿರುಗಿಸಿ ಹೊಡೆದರು, "ಗಿಡವಾಗಿ ಬಗ್ಗಿದ್ದು ಮರವಾಗಿ ಸೀದಾ ಆಗ್ತಾ?" ಅಂತ. ಈಗ ಜಗಲಿಗೆ ಬಂದವರಿಗೆಲ್ಲ ಗಿಡ ತೋರಿಸುವವರೂ ಅವರೇ. "ನಾವು ಹಂಚು ಹಾಕಿದ ಮೇಲೆ" ಎಂದು ಶುರು ಮಾಡುತ್ತಾರೆ. ಮಾಡಿಗೆ ಗಾಜಿನ ಹಂಚು ಹಾಕಬೇಡ ಎಂದು ಎಂಟು ದಿನ ಜಗಳ ಆಡಿದ್ದು ಅವರಿಗೆ ಮರೆತಿದೆ.

ಗಿಡ ಬಂದದ್ದು 2022ರ ಮಾರಿಕಾಂಬಾ ಜಾತ್ರೆಯಲ್ಲಿ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆಯಾದ್ದರಿಂದ ಲೆಕ್ಕ ಇಡುವುದು ಸುಲಭ. ಒಂದೂವರೆ ಅಡಿಯ ರಬ್ಬರ್ ಗಿಡ, 350 ರೂಪಾಯಿ. ಹಾಲು ತೆಗೆದು ಶೀಟ್ ಮಾಡುವ ರಬ್ಬರ್ ಅಲ್ಲ. ಆಲ, ಅತ್ತಿ, ಅಶ್ವತ್ಥದ ಕುಲದ್ದು, ದಪ್ಪ ಎಲೆಯದ್ದು. ನಮ್ಮದು ಹಳೆ ಹಂಚಿನ ಮನೆ. ಜಗಲಿಗೆ ಬೆಳಕು ಬರುವುದು ಪೂರ್ವದ ಒಂದು ಕಿಟಕಿಯಿಂದ, ಮತ್ತೆ ಬಾಗಿಲು ತೆರೆದಿದ್ದರೆ ಬಾಗಿಲಿಂದ. ಮೂಲೆಯಲ್ಲಿಟ್ಟೆ. ಒಂದೂವರೆ ವರ್ಷದಲ್ಲಿ ನಾಲ್ಕು ಅಡಿ ದಾಟಿತು, ಆದರೆ ಪೆನ್ಸಿಲಿಗಿಂತ ಸ್ವಲ್ಪ ದಪ್ಪದ ಕಾಂಡ, ಎಲೆಯಿಂದ ಎಲೆಗೆ ಮೂರು ನಾಲ್ಕು ಬೆರಳು ಅಂತರ, ಕಿಟಕಿಯ ಕಡೆ ಎಷ್ಟು ವಾಲಿತ್ತೆಂದರೆ ಪಕ್ಕದ ಮನೆ ಭಾವ ಬಂದಾಗಲೆಲ್ಲ "ಅತ್ತಿಗೆ, ನಿಮ್ಮ ಗಿಡ ನಮಸ್ಕಾರ ಮಾಡ್ತಾ ಇದ್ದು" ಅನ್ನುತ್ತಿದ್ದರು. 2023ರ ಶ್ರಾವಣದಲ್ಲಿ ಒಂದು ರಾತ್ರಿ ಭಾರ ತಡೆಯದೆ ಉರುಳಿತು. 900 ರೂಪಾಯಿಯ ಪಿಂಗಾಣಿ ಕುಂಡ ಹೋಳಾಯಿತು. ನಾನು ಹಟಕ್ಕೆ ಬಿದ್ದದ್ದು ಆವತ್ತೇ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬಿದಿರು ಕೋಲು ಊರಿ, ನೈಲಾನ್ ಹುರಿಯಲ್ಲಿ ಬುಡದಿಂದ ತುದಿಯವರೆಗೆ ಐದು ಕಡೆ ಬಿಗಿದು ಕಟ್ಟಿದೆ. ನೋಡಲು ಕಂಬದ ಹಾಗೆ ಇತ್ತು. ನಾಲ್ಕೈದು ತಿಂಗಳು ಬಿಟ್ಟು ಬಿಚ್ಚಿದರೆ ಒದ್ದೆ ಹಗ್ಗದ ಹಾಗೆ ಜೋತುಬಿತ್ತು. ಕಟ್ಟಿದಲ್ಲೆಲ್ಲ ಹುರಿ ಕಚ್ಚಿ ಗಾಯ. ಕೋಲು ಹೊರುತ್ತಿದ್ದಾಗ ಕಾಂಡಕ್ಕೆ ದಪ್ಪ ಆಗುವ ಜರೂರೇ ಇರಲಿಲ್ಲ ಎನ್ನುವುದು ಆಗ ಹೊಳೆಯಿತು.

ಕಟ್ಟಿಟ್ಟ ತಿಂಗಳುಗಳಲ್ಲೇ ಗ್ರೋ ಲೈಟ್, ಅಂದರೆ ಗಿಡಕ್ಕೆ ಬೆಳಕು ಕೊಡುವ ದೀಪದ ಹುಚ್ಚೂ ಹಿಡಿದಿತ್ತು. ಆನ್‌ಲೈನಿನಲ್ಲಿ ತರಿಸಿದ್ದು, ಸಾವಿರದ ನೂರೈವತ್ತೋ ಇನ್ನೂರೋ. ಮೇಲಿಂದ ತೂಗುಹಾಕಲು ಜಾಗ ಇಲ್ಲವೆಂದು ಗೋಡೆಯ ಬದಿಯ ಸ್ಟೂಲಿನ ಮೇಲೆ ಇಟ್ಟೆ. ಕೋಲು ದಾಟಿ ಬೆಳೆದ ತುದಿ ಕಿಟಕಿಯನ್ನು ಬಿಟ್ಟು ಲೈಟಿನ ಕಡೆ ಹೊರಟಿತು! ಹಿಂಗಾರಿನ ಒಂದು ಗುಡುಗಿಗೆ ಲೈಟೂ ಸುಟ್ಟುಹೋಯಿತು. ಹೋದದ್ದೇ ಒಳ್ಳೆಯದಾಯಿತು.

ಕುಂಡ ತಿರುಗಿಸುವುದರಲ್ಲಿ ನನ್ನದು ಸೋಮಾರಿತನದ ತಪ್ಪು. ನೆನಪಾದಾಗ, ಅಂದರೆ ತಿಂಗಳಿಗೊಮ್ಮೆ, ಪೂರ್ತಿ ಅರ್ಧ ಸುತ್ತು ತಿರುಗಿಸುತ್ತಿದ್ದೆ. ಎಳೆ ತುದಿ ಒಮ್ಮೆ ಅತ್ತ, ಒಮ್ಮೆ ಇತ್ತ ಹೋಗಿ ಹಾವಿನಂತಾಯಿತು. ವಾರಕ್ಕೊಮ್ಮೆ ಕಾಲು ಸುತ್ತು ಸಾಕು, ಯಾವಾಗಲೂ ಒಂದೇ ದಿಕ್ಕಿಗೆ. ನಾನು ಶುಕ್ರವಾರ ಜಗಲಿ ಒರೆಸುವಾಗ ತಿರುಗಿಸುತ್ತೇನೆ, ಆಗ ಮರೆಯುವುದಿಲ್ಲ.

ಬಿಸಿಲಿನ ವಿಷಯದಲ್ಲಿ ಮಾತ್ರ ನನಗೆ ನಾಚಿಕೆ. ತೋಟದ ಮನೆಯಲ್ಲಿ ಹುಟ್ಟಿ ತೋಟದ ಮನೆಗೇ ಬಂದವಳು. ನೈರುತ್ಯದ ಇಳಿಬಿಸಿಲು ಬಿದ್ದರೆ ಅಡಿಕೆ ಮರದ ಮೈ ಸುಟ್ಟು ಸೀಳುತ್ತದೆ, ಅದಕ್ಕೆ ಸೋಗೆ ಕಟ್ಟಬೇಕು, ಸುಣ್ಣ ಬಳಿಯಬೇಕು ಎಂದು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಆದರೂ "ಬೆಳಕು ಸಾಲದು" ಎಂದು ಬಿರುಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗಿಡವನ್ನು ಅಂಗಳಕ್ಕೆ ಇಟ್ಟೆ. ಸಂಜೆಯೊಳಗೆ ಆರು ಎಲೆ ಹಪ್ಪಳ.

ಗಾಜಿನ ಹಂಚಿನ ಯೋಚನೆ ಬಂದದ್ದು ಅಟ್ಟದ ಮೇಲೆ. ಅಡುಗೆಮನೆಯ ಮಾಡಿಗೆ ಅಜ್ಜನ ಕಾಲದ ಒಂದು ಗಾಜಿನ ಹಂಚಿದೆ. ಅದರ ನೇರ ಕೆಳಗೆ ಅಟ್ಟದಲ್ಲಿ ಮರೆತುಬಿಟ್ಟ ತೆಂಗಿನಕಾಯಿಯೊಂದು ಮೊಳಕೆ ಒಡೆದು ಈಟಿಯ ಹಾಗೆ ಸೀದಾ ಮೇಲೆದ್ದಿತ್ತು. ಮೂಲೆಯಲ್ಲಿದ್ದ ಇನ್ನೊಂದರ ಮೊಳಕೆ ಅದೇ ಹಂಚಿನ ಕಡೆ ಓರೆಯಾಗಿ ಬಂದಿತ್ತು. ಎರಡೂ ಕಾಯಿ ಒಂದೇ ಮರದ್ದು. ತೋಟದಲ್ಲಿ ದೊಡ್ಡ ಮರಗಳ ನಡುವೆ ನೆಟ್ಟ ಸಸಿ ಸಂದು ಹುಡುಕಿಕೊಂಡು ಡೊಂಕಾಗುವುದನ್ನು ಎಷ್ಟು ಸಲ ನೋಡಿಲ್ಲ? ಅಷ್ಟು ದಿನ ನಾನು ಗಿಡವನ್ನು ಎಳೆಯುತ್ತಿದ್ದೆ, ಬೆಳಕನ್ನು ಅದರ ನೆತ್ತಿಗೆ ತರುವ ಯೋಚನೆ ಮಾಡಿರಲೇ ಇಲ್ಲ.

ಎರಡು ಗಾಜಿನ ಹಂಚಿಗೆ ಐನೂರರ ಹತ್ತಿರ ಆಯಿತು. ಮಾಡು ಹತ್ತಿ ಕೂರಿಸಿದವನಿಗೆ ಮುನ್ನೂರು ಮತ್ತು ಎರಡು ಸಲ ಚಹಾ. ಮಂಗ ಒಡೆಯುತ್ತದೆ, ಮಳೆಗೆ ಸೋರುತ್ತದೆ ಎಂದು ಇವರ ತಕರಾರು. ಮಂಗ ಮಣ್ಣಿನ ಹಂಚನ್ನೂ ಒಡೆಯುತ್ತದಲ್ಲ! 2024ರ ಜಾತ್ರೆಗೆ ತಿಂಗಳ ಮೊದಲು ಕೂರಿಸಿದ್ದು. ಒಂದೇ ಕಿರಿಕಿರಿ ಅಂದರೆ ನಡುಮಧ್ಯಾಹ್ನ ಒಂದೆರಡು ತಾಸು ಬಿಸಿಲಿನ ಕೋಲು ನೇರ ಎಲೆಯ ಮೇಲೆ ಬೀಳುತ್ತದೆ. ರೀಪಿಗೆ ಇವರ ಹಳೆ ಬಿಳಿ ಪಂಚೆ ಕಟ್ಟಿದೆ. ಮಳೆಗಾಲ ಶುರುವಾದರೆ ತೆಗೆಯುತ್ತೇನೆ, ಆಗ ಸಿಕ್ಕಿದಷ್ಟೂ ಬೆಳಕು ಬೇಕು.

ಹಂಚು ಹಾಕಿದ ವಾರದಲ್ಲೇ ಕುಂಡ ಬದಲಿಸಿದೆ. ತೆಗೆದು ನೋಡಿದರೆ ಬೇರಿನ ಮೂರನೇ ಒಂದು ಪಾಲು ಕಪ್ಪಾಗಿ, ಕೊಳೆತ ವಾಸನೆ. ಹಿಂದಿನ ಮಳೆಗಾಲದಲ್ಲಿ ನಾನೇ ಮಾಡಿದ್ದು. ಗೋಡೆಯೇ ಬೆವರುವ ಆಟಿ ತಿಂಗಳಲ್ಲಿ ದಿನ ಬಿಟ್ಟು ದಿನ ನೀರು ಹಾಕಿದ್ದೆ, ಅದೂ ಇಟ್ಟಿಗೆಯಂತೆ ಗಟ್ಟಿಯಾಗುವ ಬರೀ ಕೆಮ್ಮಣ್ಣಿಗೆ. ಕೊಳೆತದ್ದನ್ನು ಕತ್ತರಿಸಿದೆ. ಹೊಸ ಮಣ್ಣಿಗೆ ಚಿರೆಕಲ್ಲಿನ ಚೂರು, ಕೊಟ್ಟಿಗೆ ಗೊಬ್ಬರ, ಎರಡು ವರ್ಷ ಹಳೆಯ ಅಡಿಕೆ ಸಿಪ್ಪೆ, ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಪ್ರಮಾಣ ಕೇಳಬೇಡಿ. ಅದರಲ್ಲೇ ನನ್ನ ನಾಲ್ಕು ಕಾಸಿನ ವ್ಯಾಪಾರ ಇದೆ, ಇನ್ನೊಂದು ಸಾಮಾನೂ ಬೀಳುತ್ತದೆ, ಅದನ್ನು ಬರೆಯುವುದಿಲ್ಲ. ಹಸಿ ಸಿಪ್ಪೆ ಮಾತ್ರ ಹಾಕಬೇಡಿ, ನಾನು ಒಮ್ಮೆ ಹಾಕಿ ಕುಂಡದ ತುಂಬ ಅಣಬೆ ಬೆಳೆದಿದ್ದೇನೆ.

ಈಗ ಮುಖ್ಯ ವಿಷಯ. ಬಲಿತು ಕಟ್ಟಿಗೆಯಾದ ಬುಡವನ್ನು ಬಗ್ಗಿಸಲು ಹೋದರೆ ಲಟಕ್ಕೆನ್ನುತ್ತದೆ. ಹಾಗಾಗಿ ಬೇರಿನ ಗಡ್ಡೆಯನ್ನೇ ಕುಂಡದೊಳಗೆ ಓರೆ ಮಾಡಿ ಕೂರಿಸಿದೆ, ಬುಡ ಹಿಂದಕ್ಕೆ ವಾಲುವಂತೆ. ಅರ್ಧ ಡೊಂಕು ಅಲ್ಲೇ ತೀರಿತು. ಉಳಿದದ್ದು ಮೇಲಿನ ಹಸಿರು ಭಾಗ, ಅದಕ್ಕೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಊರಿದೆ. ಕಟ್ಟಲು ಹಳೆ ನೂಲಿನ ಸೀರೆಯ ಪಟ್ಟಿ, ದಬ್ಬೆಗೂ ಕಾಂಡಕ್ಕೂ ನಡುವೆ ಒಮ್ಮೆ ಹೊರಳಿಸಿ, ಕನ್ನಡದ ನಾಲ್ಕರ ಹಾಗೆ. ಒಂದೇ ಕಡೆ ಕಟ್ಟಬೇಕು, ಕೈಬಿಟ್ಟರೆ ಗಿಡ ಎಲ್ಲಿಂದ ಬಾಗುತ್ತದೋ ಅದಕ್ಕಿಂತ ಚೂರು ಮೇಲೆ. ತುದಿ ಅಲ್ಲಾಡುತ್ತಿರಲಿ. ಹದಿನೈದು ದಿನಕ್ಕೊಮ್ಮೆ ಒಂದು ಬೆರಳಿನಷ್ಟು ಮಾತ್ರ ಎಳೆದೆ. ಎಳೆಯುವ ಮುಂಚೆ ನಾಲ್ಕು ದಿನ ನೀರು ನಿಲ್ಲಿಸುತ್ತೇನೆ, ಆಗ ಕಾಂಡ ಮೆತ್ತಗಾಗಿ ಮಾತು ಕೇಳುತ್ತದೆ. ಎಳೆದ ಮೇಲೆ ನೀರು.

ಅಡಿಕೆ ದಬ್ಬೆ ಬಗ್ಗೆ ಒಂದು ಮಾತು. ಮೇಘಾಲಯದ ಕಾಡಿನಲ್ಲಿ ಖಾಸಿ ಜನ ಹಳ್ಳಗಳ ಮೇಲೆ ಜೀವಂತ ಬೇರಿನ ಸೇತುವೆ ಕಟ್ಟುತ್ತಾರಲ್ಲ, ಅದು ಇದೇ ರಬ್ಬರ್ ಮರದ ಬೇರು. ಆ ಬೇರುಗಳನ್ನು ಆಚೆ ದಡಕ್ಕೆ ಹಾಯಿಸಲು ಅವರು ಸೀಳಿದ ಅಡಿಕೆ ಮರವನ್ನು ಬಳಸುತ್ತಾರಂತೆ. ಇದನ್ನು ಓದಿದ ದಿನ ಅತ್ತೆಗೆ ಹೇಳಿದೆ. ಅವರಿಗೆ ರಬ್ಬರ್ ಗಿಡದ ಮೇಲೆ ಗೌರವ ಬಂದದ್ದು ಆಮೇಲೆಯೇ, ಅಡಿಕೆಯ ನೆಂಟಸ್ತಿಕೆ ಸಿಕ್ಕಿತಲ್ಲ. ಅಂದ ಹಾಗೆ ಪೇಟೆಯವರು ನಾನೂರು ಕೊಟ್ಟು ಒಯ್ಯುವ 'ಅರೆಕಾ ಪಾಮ್' ನಮ್ಮ ಅಡಿಕೆಯೇ ಅಲ್ಲ, ಅದು ಮಡಗಾಸ್ಕರ್ ಮೂಲದ ಬೇರೆ ಗಿಡ. ಇದನ್ನು ಹೇಳಿದರೆ ಇಲ್ಲಿ ಯಾರೂ ನಂಬುವುದಿಲ್ಲ.

ಕಾಂಡ ದಪ್ಪ ಆಗಲು ಅಲ್ಲಾಡಿಸಿದೆ. ಹೌದು, ಕೈಯಲ್ಲೇ. ಬೆಳಿಗ್ಗೆ ಹಾಲು ಉಕ್ಕುವಷ್ಟು ಹೊತ್ತು, ನಡುವಿನಲ್ಲಿ ಹಿಡಿದು ಮೆಲ್ಲಗೆ ಅತ್ತಿತ್ತ. ಹೊರಗಿನ ಗಿಡಕ್ಕೆ ಗಾಳಿ ಮಾಡುವ ಕೆಲಸ ಅದು. "ಗಿಡಕ್ಕೆ ದೆವ್ವ ಬಿಡಸ್ತಾ ಇದ್ಯನೆ?" ಅಂತ ಅತ್ತೆ ನಕ್ಕದ್ದೇ ನಕ್ಕದ್ದು. ಎರಡು ಬಾರಿ ಹಾಲು ಉಕ್ಕಿಹೋದ ಮೇಲೆ ಟೇಬಲ್ ಫ್ಯಾನ್ ಇಟ್ಟೆ, ಸಣ್ಣ ಸ್ಪೀಡಿನಲ್ಲಿ, ದಿನಕ್ಕೆ ಒಂದು ತಾಸು, ದಿಕ್ಕು ಬದಲಿಸಿ ಬದಲಿಸಿ. ಆರೇಳು ತಿಂಗಳಲ್ಲಿ ಪೆನ್ಸಿಲ್ ಕಾಂಡ ಕಿರುಬೆರಳು ದಾಟಿ ಹೆಬ್ಬೆರಳಿನ ಹತ್ತಿರ ಬಂತು.

ಆದರೂ ತಲೆಭಾರ ಉಳಿದಿತ್ತು, ಜೊತೆಗೆ ನಾನು ಮಾಡಿದ ಹಾವಿನ ವಂಕಿ. ತಲೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ಸುಮ್ಮನೆ ಕಡಿದು ಎಸೆಯಲು ಮನಸ್ಸು ಬರಲಿಲ್ಲ, ಆರಿದ್ರೆ ಮಳೆಯಲ್ಲಿ ಗೂಟಿ ಕಟ್ಟಿದೆ, ಅಂದರೆ ತುದಿ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ಸಿಪ್ಪೆ ಉಂಗುರ ತೆಗೆದು, ಹಾಲು ಒರೆಸಿ, ಮರದ ಮೇಲಿನ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟುವುದು ನಿಮಗೆಲ್ಲ ಗೊತ್ತಿದ್ದದ್ದೇ. ಹಾಲು ಕೈಗೆ ತಾಗಿ ನನಗೆ ಮೂರು ದಿನ ತುರಿಕೆ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಐದಾರು ವಾರಕ್ಕೆ ಬಿಳಿ ಬೇರು ಕಂಡಿತು, ಚೌತಿಗೆ ಮೊದಲು ಕತ್ತರಿಸಿದೆ. ಕೆಳಗೆ ಉಳಿದದ್ದು ಎರಡೂವರೆ ಅಡಿಯ ಬೋಳು ಕೋಲು, ಐದು ಎಲೆ. ಮನೆಯಲ್ಲಿ ಎಲ್ಲರೂ ಮೌನ. ವಾಲಿದ್ದ ಕಡೆಗೆ ಎದುರಿನ ಬದಿಯಲ್ಲಿ, ಚಿಗುರೊಡೆಯುವ ಒಂದು ಕಣ್ಣಿನ ಸ್ವಲ್ಪ ಮೇಲೆ ಬ್ಲೇಡಿನಿಂದ ಅಡ್ಡ ಕಚ್ಚು ಹಾಕಿದ್ದೆ. ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಅಲ್ಲಿಂದಲೇ ಕೆಂಪು ಮೊಳಕೆ! ತುದಿಯಲ್ಲಿ ಇನ್ನೊಂದು. ತುದಿಯದ್ದು ಸೀದಾ ಗಾಜಿನ ಹಂಚಿಗೆ ಹೋಯಿತು, ಬದಿಯದ್ದು ತಕ್ಕಡಿಯ ಇನ್ನೊಂದು ತಟ್ಟೆಯಾಯಿತು. ಡಿಸೆಂಬರಿನಲ್ಲಿ ದಬ್ಬೆ ತೆಗೆದೆ.

ನಡುವೆ ಮಾಡಿದ ಬೇಡದ ಕೆಲಸಗಳೂ ಇವೆ. ಎಲೆ ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಒರೆಸಿ ಧೂಳು ಹಿಡಿಸಿದೆ. ಅಡಿಕೆ ಬೇಯಿಸಿದ ತೊಗರನ್ನು ತೆಳ್ಳಗೆ ಮಾಡಿ ಒಂದು ಸಣ್ಣ ಗಿಡಕ್ಕೆ ಹಾಕಿ ನೋಡಿದೆ, ಅದು ಸತ್ತಿತು. ತೊಗರಿಗೇ ಸತ್ತಿತೋ ಮಳೆಗೋ ಹೇಳಲಾರೆ.

ಗೂಟಿಯ ಗಿಡವನ್ನು ಕಾರವಾರದ ತಂಗಿ ಒಯ್ದಳು. ಅವಳದ್ದು ಕಡಲಿಗೆ ಮುಖ ಮಾಡಿದ ಬಾಲ್ಕನಿ, ಅಲ್ಲಿನ ಲೆಕ್ಕವೇ ಬೇರೆ. ನಮ್ಮಲ್ಲಿ ಗಾಳಿ ಇಲ್ಲವೆಂದು ಫ್ಯಾನ್ ಇಟ್ಟರೆ ಅವಳಲ್ಲಿ ಜೂನಿನ ಗಾಳಿ ಗಿಡವನ್ನು ಮನೆಯೊಳಕ್ಕೇ ಬಗ್ಗಿಸಿತು, ಬೆಳಕಿನ ವಿರುದ್ಧ ದಿಕ್ಕಿಗೆ. ಉಪ್ಪಿನ ಹನಿಗೆ ಎಲೆಯಂಚು ಕಂದಾಯಿತು. ಫೋನಿನಲ್ಲಿ ಒಂದೇ ಸಮನೆ ಬೈಗುಳ, "ಅಕ್ಕಾ, ನಿನ್ನ ಗಿಡ ನಿನ್ನ ಹಾಗೇ ಹಟಮಾರಿ" ಅಂತ. ಮಳೆಗಾಲಕ್ಕೆ ಒಳಗೆ ತೆಗೆದುಕೊ, ಎಲೆಯನ್ನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಒರೆಸು ಎಂದೆ. ಈಗ ಸುಮಾರಾಗಿದೆ. ನನ್ನದರಷ್ಟು ಇಲ್ಲ.

ಲೆಕ್ಕ ಹಾಕಿದರೆ ಹಾಳು ಮಾಡಿದ್ದೇ ಎರಡೂವರೆ ಸಾವಿರದ ಹತ್ತಿರ: ಪಿಂಗಾಣಿ ಕುಂಡ, ಲೈಟು, ಇನ್ನೂರಕ್ಕೆ ತಂದು ಕೆಲಸಕ್ಕೆ ಬಾರದ ದ್ರವ ಗೊಬ್ಬರ, ಹೀಗೆ. ಕೆಲಸ ಮಾಡಿದ್ದಕ್ಕೆ ಆದ ಖರ್ಚು ಹಂಚು, ಕೂಲಿ, ಅರವತ್ತರ ಒಂದು ಪ್ಲಾಸ್ಟಿಕ್ ಕುಂಡ. ದಬ್ಬೆ ತೋಟದ್ದು, ಸೀರೆ ಅತ್ತೆಯದ್ದು. ತಂಗಿಯ ಹತ್ತಿರ ಗಿಡಕ್ಕೆ ದುಡ್ಡು ಕೇಳಲಿಲ್ಲ, ಕೇಳಿದ್ದರೆ ನಾನೂರು ಸಿಗುತ್ತಿತ್ತು.

ಈಗ ತುದಿ ಗಾಜಿನ ಹಂಚಿಗೆ ಒಂದೂವರೆ ಮೊಳ ದೂರದಲ್ಲಿದೆ. ಬರುವ ಆರಿದ್ರೆಗೆ ಮತ್ತೆ ಗೂಟಿ ಕಟ್ಟಲೇಬೇಕು. ಅದಕ್ಕೆ ಈಗಲೇ ಇಬ್ಬರು ಹೇಳಿಟ್ಟಿದ್ದಾರೆ. ಒಬ್ಬರು ಆ ನಮಸ್ಕಾರದ ಭಾವ, ಅವರಿಗೆ ಐನೂರು.