ಫ್ಯಾನಿನ ಸದ್ದು ಕೆಲಸಕ್ಕೆ, ಮಳೆಯ ಸದ್ದು ನನಗೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಕಚೇರಿಯವರು ಲ್ಯಾಪ್‌ಟಾಪ್ ಕೊಟ್ಟು ಊರಿಗೆ ಕಳುಹಿಸಿದರು. ಮುಂದಿನ ಮೂರು ವರ್ಷ ಉಪ್ಪರಿಗೆಯ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಕೆಲಸ ಮಾಡಿದೆ. ಸಾಮಾಜಿಕ ಜಾಲತಾಣದಲ್ಲಿ ಜನ ಹಾಕಿದ ಕನ್ನಡದ ಬರಹ, ಚಿತ್ರ, ವಿಡಿಯೊಗಳ ಪೈಕಿ ದೂರು ಬಂದವನ್ನು ನೋಡಿ, ಇರಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸುವ ಕೆಲಸ ಅದು. ಕಂಟೆಂಟ್ ಮಾಡರೇಟರ್ ಎನ್ನುತ್ತಾರೆ. ಮನೆಯವರಿಗೆ ‘ಕಂಪ್ಯೂಟರ್ ಕೆಲಸ’ ಎಂದಷ್ಟೇ ಗೊತ್ತು. ನೋಡಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಕರಾರಿಗೆ ಸಹಿ ಹಾಕಿದ್ದೆ.

ಈ ಕೆಲಸವನ್ನು ಯಂತ್ರವೇ ಮಾಡಬಾರದೇ ಎಂದು ಅನೇಕರು ಕೇಳುತ್ತಾರೆ. ಒಮ್ಮೆ ಗುರುತಿಸಿ ಇಟ್ಟ ಚಿತ್ರ ಮತ್ತೆ ಬಂದರೆ ಯಂತ್ರ ಹಿಡಿಯುತ್ತದೆ. ಹೊಸದು ಬಂದರೆ, ಅದೂ ಕನ್ನಡದ ಮಾತು ಬೆರೆತಿದ್ದರೆ, ಮನುಷ್ಯರೇ ನೋಡಬೇಕು. ‘ನಿನ್ನ ತಿಥಿ ಊಟಕ್ಕೆ ಬರುತ್ತೇನೆ’ ಎಂದು ಒಬ್ಬ ಬರೆದದ್ದು ಯಂತ್ರದ ಲೆಕ್ಕದಲ್ಲಿ ಊಟದ ಮಾತು. ‘ನಿನ್ನ ಮನೆ ಹಾಳಾಗ, ಎಷ್ಟು ಚೆನ್ನಾಗಿ ಹಾಡಿದ್ದೀಯೇ’ ಎಂದು ಅಜ್ಜಿಯೊಬ್ಬರು ಮೊಮ್ಮಗಳಿಗೆ ಬರೆದದ್ದು ಬೆದರಿಕೆ ಎಂದು ನನ್ನ ಮುಂದೆ ಬಂದಿತ್ತು. ನಮ್ಮ ಬೈಗುಳದಲ್ಲಿ ಅಕ್ಕರೆ ಎಲ್ಲಿ ಮುಗಿಯುತ್ತದೆ, ವಿಷ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಈ ಭಾಷೆಯಲ್ಲಿ ಬೆಳೆದವರೇ ಹೇಳಬೇಕು.

ಒಂದೊಂದು ದೂರಿಗೂ ‘ಟಿಕೆಟ್’ ಎನ್ನುತ್ತಿದ್ದೆವು; ಒಂದು ಪಾಳಿಗೆ ನಾನೂರು ಟಿಕೆಟ್‌ಗಳಾದರೂ ಮುಗಿಯಬೇಕಿತ್ತು. ತಪ್ಪು ತೀರ್ಮಾನಗಳನ್ನು ವಾರಕ್ಕೊಮ್ಮೆ ಎಣಿಸುತ್ತಿದ್ದರು. ಮನಸ್ಸು ಕದಡಿದರೆ ಎದ್ದು ಹೋಗಲು ವಿರಾಮವೇನೋ ಇತ್ತು. ಎದ್ದ ನಿಮಿಷಗಳೂ ಲೆಕ್ಕಕ್ಕೆ ಸೇರುತ್ತಿದ್ದವು. ಕೆಲವರು ಶೌಚಾಲಯಕ್ಕೆ ಹೋಗಿಯೇ ಅತ್ತು ಬರುತ್ತಿದ್ದದ್ದನ್ನು ಬೆಂಗಳೂರಿನಲ್ಲಿ ಕಂಡಿದ್ದೆ.

ಆದರೂ ಬಿಡಲಿಲ್ಲ. ಜಾಲತಾಣಗಳಿಗೆ ಸರ್ಕಾರ ಮಾಡಿದ 2021ರ ಐಟಿ ನಿಯಮಗಳ ಪ್ರಕಾರ ಆಗ, ತನ್ನ ನಗ್ನ ಚಿತ್ರವನ್ನು ಯಾರೋ ಹಾಕಿದ್ದಾರೆಂದು ಒಬ್ಬ ವ್ಯಕ್ತಿ ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕಿತ್ತು. ಅಂಥ ಟಿಕೆಟ್ ಬಂದಾಗ ನಾನು ಗಂಟೆ ನೋಡುತ್ತಿರಲಿಲ್ಲ. ಎಲ್ಲೋ ಒಂದು ಹುಡುಗಿ ಊಟ ಬಿಟ್ಟು ಕುಳಿತಿರುತ್ತಾಳೆ ಎಂದುಕೊಂಡು ಆ ಕ್ಷಣವೇ ತೆಗೆಯುತ್ತಿದ್ದೆ.

2020ರ ಮೇ ತಿಂಗಳಲ್ಲಿ, ಫೇಸ್‌ಬುಕ್ ಸಂಸ್ಥೆಯು ಅಮೆರಿಕದ ಮಾಡರೇಟರ್‌ಗಳಿಗೆ 5.2 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತೆಂಬ ಸುದ್ದಿ ಓದಿದ್ದೆ. ಇಂಥವನ್ನೇ ನೋಡಿ ನೋಡಿ ಅವರ ಮನಸ್ಸಿಗೆ ಕಾಯಿಲೆ ಹಿಡಿದಿತ್ತು. ನಮಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಆದರೆ ವಿಡಿಯೊಗಳು ಮೊದಲೇ ಕಪ್ಪು-ಬಿಳುಪಾಗಿ, ಸದ್ದಿಲ್ಲದೆ ತೆರೆದುಕೊಳ್ಳುವಂತೆ ಮಾಡಬೇಕು ಎಂಬ ಮಾತೂ ಆ ಒಪ್ಪಂದದಲ್ಲಿತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಣ್ಣ ತೆಗೆದರೆ ರಕ್ತ ಬರೀ ಕಪ್ಪು ಕಲೆ. ಚಿತ್ರವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡುತ್ತಿದ್ದೆ. ಮಾತಿನ ಮೇಲೆಯೇ ತೀರ್ಮಾನ ನಿಂತಿದ್ದರೆ ಮಾತ್ರ ಧ್ವನಿ. ನನ್ನ ಮಟ್ಟಿಗೆ ಕಣ್ಣಿಗಿಂತ ಕಿವಿ ಹೆಚ್ಚು ನೆನಪಿಟ್ಟುಕೊಳ್ಳುತ್ತದೆ; ಮಗುವಿನ ಅಳು ಒಮ್ಮೆ ಒಳಹೊಕ್ಕರೆ ತಿಂಗಳುಗಟ್ಟಲೆ ಹೊರಗೆ ಹೋಗುವುದಿಲ್ಲ. ಪಾಳಿಯ ಕೊನೆಯ ಅರ್ಧ ಗಂಟೆಗೆ ಸ್ಪ್ಯಾಮ್ ಜಾಹೀರಾತುಗಳ ಸರದಿಯನ್ನು ಕೇಳಿ ಪಡೆಯುತ್ತಿದ್ದೆ, ಮಲಗುವ ಮುಂಚೆ ಕಂಡದ್ದು ಸಾಲದ ಆಮಿಷವೋ ಕೂದಲೆಣ್ಣೆಯೋ ಆಗಿರಲೆಂದು.

ಒಂದನ್ನು ಮಾತ್ರ ನಾನು ಎಣಿಸಿರಲಿಲ್ಲ. ಧ್ವನಿ ಮುಚ್ಚಿದ ಮೇಲೆ ಕಿವಿಗೆ ಬೀಳುತ್ತಿದ್ದದ್ದು ಹೆಂಚಿನ ಮೇಲಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದು ನಿಲ್ಲುವುದಿಲ್ಲ. ಎರಡನೆಯ ವರ್ಷ, ಜಗಲಿಯಲ್ಲಿ ಕುಳಿತು ಹಲಸಿನ ಹಪ್ಪಳ ತಿನ್ನುತ್ತಿದ್ದಾಗ ಜೋರಾಗಿ ಮಳೆ ಹೊಯ್ಯಿತು. ನೋಡಿದ್ದೆಲ್ಲ ಒಂದರ ಹಿಂದೆ ಒಂದು ಎದ್ದು ಬಂತು. ತಟ್ಟೆ ಅಲ್ಲೇ ಬಿಟ್ಟು ಒಳಗೆ ಓಡಿದೆ. ಚಿಕ್ಕಂದಿನಿಂದ ನನ್ನನ್ನು ಮಲಗಿಸುತ್ತಿದ್ದ ಸದ್ದು ಅದು. ಬೇರೆ ಯಾವ ನಷ್ಟಕ್ಕೂ ನಾನು ಅಷ್ಟು ಅಳಲಿಲ್ಲ.

ಮಾರನೆಯ ದಿನ ತೀರ್ಥಹಳ್ಳಿ ಪೇಟೆಯಿಂದ ಟೇಬಲ್ ಫ್ಯಾನ್ ತಂದೆ. ಕಿಟಕಿ ಮುಚ್ಚಿ, ಕೆಲಸದ ಹೊತ್ತಿನಲ್ಲಿ ಮಾತ್ರ ಅದನ್ನು ಹಾಕುತ್ತಿದ್ದೆ. ಚಳಿಯಲ್ಲೂ. ರೇಡಿಯೊ ಹಾಕಬಹುದಿತ್ತು, ಆದರೆ ಭದ್ರಾವತಿ ಆಕಾಶವಾಣಿಯ ಹಾಡುಗಳನ್ನೂ ಕಳೆದುಕೊಳ್ಳುವ ಧೈರ್ಯ ಬರಲಿಲ್ಲ.

2022ರ ಡಿಸೆಂಬರ್. ಅಡಿಕೆ ಗೊನೆ ಕೊಯ್ಲಿನ ಕಾಲ. ರಾತ್ರಿ ಅಂಗಳದಲ್ಲಿ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ನಾನೂ ಕುಳಿತೆ. ಕಣ್ಣು ಕೈ ಎರಡೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಆ ಎರಡು ಗಂಟೆ ತಲೆಯೊಳಗೆ ಏನೂ ಓಡಲಿಲ್ಲ. ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್‌ನಂಥ ವಿಡಿಯೊ ಆಟ ಆಡಿದವರಿಗೆ ಭೀಕರ ದೃಶ್ಯಗಳು ಮರುಕಳಿಸುವುದು ಕಡಿಮೆಯಾದದ್ದನ್ನು ಮನೋವಿಜ್ಞಾನಿಗಳು ಪ್ರಯೋಗದಲ್ಲಿ ಕಂಡಿದ್ದಾರೆಂದು ನಂತರ ಓದಿದೆ. ಆ ಸಲ ಸುಲಿತ ಮುಗಿಯುವವರೆಗೂ ಒಂದು ರಾತ್ರಿಯೂ ತಪ್ಪಿಸಲಿಲ್ಲ.

ಸುಲಿಯುವವರ ನಡುವೆ ಮಾತು ನಿಲ್ಲುವುದಿಲ್ಲ. ಊರಿನ ಕಥೆಯೆಲ್ಲ ಅಲ್ಲೇ. ನಾನೊಬ್ಬಳೇ ಸುಮ್ಮನಿದ್ದೆ. “ಎಂತಾಯಿತು ಕೂಸೇ, ಮೂರು ವರ್ಷದಿಂದ ಹೀಗೇ ಇದ್ದೀಯಲ್ಲ?” ಎಂದು ಅಮ್ಮ ಕೇಳಿದರು. ಕರಾರು ನೆನಪಾಯಿತು. ಯಾವ ವಿಡಿಯೊ, ಯಾರದ್ದು ಎಂದು ಹೇಳಲಿಲ್ಲ. “ಮಕ್ಕಳಿಗೆ ಹಿಂಸೆ ಕೊಡುವುದನ್ನು ನೋಡಿ ತೆಗೆದುಹಾಕುವುದು ನನ್ನ ಕೆಲಸ ಅಮ್ಮಾ” ಎಂದೆ. ಅಂಗಳದಲ್ಲಿ ಕತ್ತಿಗಳ ಸದ್ದು ನಿಂತಿತು. ಅಮ್ಮ ಏನೂ ಹೇಳದೆ ತಮ್ಮ ಬುಟ್ಟಿಯನ್ನು ಎತ್ತಿಕೊಂಡು ಬಂದು ನನ್ನ ಪಕ್ಕಕ್ಕೆ ಕುಳಿತರು.

ಆ ವಾರವೇ 14416ಕ್ಕೆ ಕರೆ ಮಾಡಿದೆ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಅದೇ ಅಕ್ಟೋಬರ್‌ನಲ್ಲಿ ಶುರುವಾಗಿತ್ತು. ಕನ್ನಡದಲ್ಲೇ ಮಾತನಾಡಿದರು, ಅವರ ಮಾತು ಕೇಳಿ ಶಿವಮೊಗ್ಗದಲ್ಲಿ ಮನೋವೈದ್ಯರನ್ನು ಕಂಡೆ. ಕಂಪನಿಯ ಆಪ್ತಸಮಾಲೋಚಕರು ನನ್ನನ್ನು ಕೇಳುತ್ತಿದ್ದದ್ದು ‘ನಾಳೆ ಪಾಳಿಗೆ ಬರುತ್ತೀರಾ?’ ಎಂದು. ಈ ವೈದ್ಯರು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ.

ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟೆ. ಈಗ ಮಳೆ ಬಂದರೆ ಹೊರಗೆ ಕೂರುತ್ತೇನೆ, ಹೆಚ್ಚಿನ ದಿನಗಳಲ್ಲಿ. ಫ್ಯಾನಿನ ಸದ್ದು ಮಾತ್ರ ಇನ್ನೂ ಆಗುವುದಿಲ್ಲ. ಅದನ್ನು ಚಿಕ್ಕಪ್ಪನ ಮನೆಗೆ ಕೊಟ್ಟಿದ್ದೇನೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ, ಕೇಳದಿದ್ದರೂ ಚಿಕ್ಕಮ್ಮ ಎದ್ದು ಆರಿಸುತ್ತಾರೆ.