ವಠಾರದ ಹಿಂದಿನ ಗಲ್ಲಿಯಲ್ಲಿ ಕಸ ಬೀಳದಂತೆ ಮಾಡುವುದು ಹೇಗೆ

ನಾವಿರುವುದು ಮೈಸೂರಿನ ಕೆ.ಆರ್. ಮೊಹಲ್ಲಾದ ಒಂದು ವಠಾರದಲ್ಲಿ. ಬೀದಿಗೆ ಒಂದೇ ಬಾಗಿಲು, ಒಳಗೆ ಏಳು ಮನೆ, ನಡುವೆ ನಲ್ಲಿ, ಹಿಂದುಗಡೆ ಕನ್ಸರ್ವೆನ್ಸಿ. ಹಳೇ ಮೈಸೂರಿನವರಿಗೆ ಈ ಹಿಂದಿನ ಗಲ್ಲಿಗಳು ಗೊತ್ತು. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ ಊರು ಸುಧಾರಿಸಲು ಟ್ರಸ್ಟ್ ಬೋರ್ಡ್ ಆಯಿತು. ಆ ಕಾಲದಲ್ಲಿ ಕಕ್ಕಸು ಬಳಿಯುವವರು ಹಿಂದಿನಿಂದಲೇ ಬಂದು ಹೋಗಲಿ ಅಂತ ಇಂಥ ಗಲ್ಲಿ ಬಿಡುತ್ತಿದ್ದರು. ಒಳಚರಂಡಿ ಬಂತು, ಗಲ್ಲಿಯಲ್ಲಿ ಓಡಾಟ ನಿಂತಿತು. ಅಡುಗೆಮನೆ ಕಿಟಕಿಯಿಂದ ಕವರ್ ಎಸೆದರೂ ನೋಡುವವರಿಲ್ಲ.

ನನಗೆ ಹೊಟ್ಟೆ ಉರಿದಿದ್ದು ಗೋಡೆ ನೋಡಿ. ನಮ್ಮದು ಇಟ್ಟಿಗೆ, ಗಾರೆಯ ಗೋಡೆ. ಕಸದ ರಸ ಬುಡಕ್ಕೆ ಇಳಿದು ಗಾರೆ ಉಪ್ಪು ಬಿಟ್ಟಿತ್ತು. ಬೆರಳಿಟ್ಟರೆ ಪುಡಿ ಉದುರುತ್ತಿತ್ತು. 2015, 2016ರಲ್ಲಿ ದೇಶದಲ್ಲೇ ಸ್ವಚ್ಛ ನಗರ ಅಂತ ಹೆಸರು ತಗೊಂಡ ಊರು ನಮ್ಮದು. ನಮ್ಮ ಹಿತ್ತಲಲ್ಲಿ ಹೀಗಾದರೆ ಹೇಗೆ?

ಮೊದಲ ಕೆಲಸ, ಯಾರಿಗೂ ಬೈಯಬೇಡಿ. ಒಂದು ವಾರ ಸುಮ್ನೆ ನೋಡಿ, ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಎಸೆಯುತ್ತಿದ್ದವರು ಮೂರೇ ಮನೆಯವರು. ಒಬ್ಬರು ಬೆಳಿಗ್ಗೆ ಆರಕ್ಕೇ ಫ್ಯಾಕ್ಟರಿಗೆ ಹೊರಡುವವರು, ಕಸದ ಗಾಡಿ ಬರುವಾಗ ಮನೆಗೆ ಬೀಗ. ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗರು ಆ ಹೊತ್ತಿಗೆ ಎದ್ದಿರುತ್ತಿರಲಿಲ್ಲ. ಇನ್ನೊಬ್ಬರು ಕೊನೇ ಮನೆಯ ಅಜ್ಜಿ. ಬಕೆಟ್ ಹಿಡಿದು ಮೂರು ಮೆಟ್ಟಿಲು ಇಳಿಯೋದು ಅವರ ಕೈಲಾಗದು. ಇವರಲ್ಲಿ ಯಾರೂ ಕೆಟ್ಟವರಲ್ಲ ಅಲ್ವಾ? ಹೊತ್ತು ಹೊಂದುತ್ತಿರಲಿಲ್ಲ, ಅಷ್ಟೆ.

ಆದ್ದರಿಂದ ಹೊತ್ತು ಹೊಂದಿಸಿ. ನಮ್ಮ ಬೀದಿಯೊಳಗೆ ಆಟೋ ಟಿಪ್ಪರ್ ಬರುವುದಿಲ್ಲ, ತಳ್ಳುಗಾಡಿಯೇ ಬರಬೇಕು. ಗಾಡಿ ತರುವ ಅಕ್ಕನನ್ನು ಕೂರಿಸಿ, ಕಾಫಿ ಕೊಟ್ಟು ಕೇಳಿದೆ, "ನಿಮಗೆ ಯಾವ ಹೊತ್ತು ಸರಿ?" ಅಂತ. "ಏಳೂಕಾಲಕ್ಕೆ ಬರ್ತೀನಮ್ಮಾ. ಆದ್ರೆ ಕೂಗಿ ಕೂಗಿ ಗಂಟಲು ಹೋಗ್ತದೆ, ಒಳಗಿನ ಮನೆಗೆ ಕೇಳ್ಸೋದೇ ಇಲ್ಲ" ಅಂದರು. ಬಾಗಿಲ ಚೌಕಟ್ಟಿಗೆ ಒಂದು ಹಿತ್ತಾಳೆ ಗಂಟೆ ಕಟ್ಟಿದೆವು. ಈಗ ಅವರು ಬಂದು ಹಗ್ಗ ಎಳೆಯುತ್ತಾರೆ, ಏಳು ಮನೆಗೂ ಕೇಳುತ್ತದೆ. ಜೊತೆಗೆ ಪಾಳಿ ಹಾಕಿಕೊಂಡೆವು. ವಾರಕ್ಕೊಂದು ಮನೆಯವರು ಅಜ್ಜಿಯದೂ ಬೀಗ ಹಾಕಿದವರದೂ ಬಕೆಟ್ ತಂದು ಕೊಡಬೇಕು. ಹುಡುಗರಿಗೆ ಬೆಳಿಗ್ಗೆ ಬೇಗ ಏಳಿ ಅನ್ನಲಿಲ್ಲ. ರಾತ್ರಿ ಬಕೆಟನ್ನು ಮುಚ್ಚಳ ಹಾಕಿ ಬಾಗಿಲಾಚೆ ಇಟ್ಟು ಮಲಗಿ ಅಂದೆವು.

ವಠಾರಕ್ಕೆಲ್ಲ ಸೇರಿ ಒಂದು ದೊಡ್ಡ ತೊಟ್ಟಿ ಇಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಒಪ್ಪಬೇಡಿ. ನಾವು ಇಟ್ಟು ನೋಡಿದ್ದೇವೆ. ಹಸಿ, ಒಣ ಎಲ್ಲ ಬೆರೆತು ಮೂರನೇ ದಿನಕ್ಕೆ ಇಲಿ ಬಂದವು. ಯಾರು ಬೆರೆಸಿದರು ಅಂತ ಕೇಳಿದರೆ ಯಾರೂ ಅಲ್ಲ. ಹಸಿ ಕಸದ ಬಕೆಟ್ ಆಯಾ ಮನೆಯಲ್ಲೇ ಇರಲಿ. ಒಣ ಕಸಕ್ಕೆ ಮಾತ್ರ ಮೆಟ್ಟಿಲ ಕೆಳಗೆ ಎಲ್ಲರದೂ ಸೇರಿ ಒಂದು ಗೋಣಿಚೀಲ ಸಾಕು, ಅದು ನಾರುವುದಿಲ್ಲ. ಪೇಪರ್, ರಟ್ಟು, ಬಾಟಲಿ ಗುಜರಿಯವರಿಗೆ ಹಾಕಿ, ಆ ದುಡ್ಡಲ್ಲಿ ಪೊರಕೆ, ಫಿನಾಯಿಲ್ ತರುತ್ತೇವೆ.

ಒಣ ಚೀಲ ನಾರಬಾರದು ಅಂದರೆ ಹಾಲಿನ ಪ್ಯಾಕೆಟ್ ಸರಿಯಾಗಿ ಹಾಕಬೇಕು. ಮೂಲೆ ಪೂರ್ತಿ ಕತ್ತರಿಸಿ ತುಂಡು ಬೀಳಿಸಬೇಡಿ. ಆ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಅಂಚಿಗೆ ಅಂಟಿಕೊಂಡೇ ಇರುವ ಹಾಗೆ ಅರ್ಧ ಕತ್ತರಿಸಿ. ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರು ಕರಿಬೇವಿನ ಗಿಡಕ್ಕೆ ಹೋಗಲಿ. ಪ್ಯಾಕೆಟ್ ತಲೆಕೆಳಗಾಗಿ ಬಟ್ಟೆ ಕ್ಲಿಪ್ಪಿನಲ್ಲಿ ತಂತಿಗೆ ಸಿಕ್ಕಿಸಿ. ಸಂಜೆಯೊಳಗೆ ಗರಿಗರಿಯಾಗಿ ಒಣಗುತ್ತದೆ.

ಗಾಜಿನ ವಿಷಯ ಹೇಳಲೇಬೇಕು. ಒಂದು ದಿನ ಅಕ್ಕ ಗ್ಲೌಸ್ ತೆಗೆದು ಅಂಗೈ ತೋರಿಸಿದರು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೀಳು. ಒಡೆದ ಬಲ್ಬನ್ನು ಯಾರೋ ಅನ್ನದ ಜೊತೆ ಕವರಿನಲ್ಲಿ ಕಟ್ಟಿ ಕೊಟ್ಟಿದ್ದರು. ಅದು ನಮ್ಮ ವಠಾರದ್ದೇ ಕವರ್. ಆ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗಾಜು, ಬ್ಲೇಡು ಹಳೇ ಡಬ್ಬಿಗೆ ಹಾಕಿ, ಕೊಡುವಾಗ ಬಾಯಿಬಿಟ್ಟು ಹೇಳಿ. ಪ್ಯಾಡ್, ಡೈಪರ್ ಪೇಪರಿನಲ್ಲಿ ಸುತ್ತಿ ಬೇರೆಯಾಗಿಯೇ ಕೊಡಿ. ಸುತ್ತಿಯೇ ಕೊಡಬೇಕು ಅಂತ 2016ರ ಕಸ ವಿಲೇವಾರಿ ನಿಯಮದಲ್ಲೂ ಇತ್ತು. ನಿಯಮ ಇಲ್ಲದಿದ್ದರೂ ಕೊಡಬೇಕು. ಅಲ್ಲಿಂದ ಮುಂದೆ ಅದನ್ನು ಮುಟ್ಟುವುದು ಇನ್ನೊಬ್ಬರ ಕೈ. ಸಾಧ್ಯವಾದರೆ ನಮ್ಮೂರಿನ ಕುಂಬಾರಕೊಪ್ಪಲಿನಲ್ಲಿರುವ ಕಸ ಬೇರ್ಪಡಿಸುವ ಘಟಕವನ್ನು ವಠಾರದವರೆಲ್ಲ ಒಮ್ಮೆ ಹೋಗಿ ನೋಡಿ. ನಮ್ಮ ಮಹಡಿ ಹುಡುಗರು ಅಲ್ಲಿಗೆ ಹೋಗಿ ಬಂದ ಮೇಲೆ ಹಸಿ, ಒಣ ಬೆರೆಸಿಲ್ಲ.

ಪೂಜೆಯ ಹೂವನ್ನು ಗಾಡಿಗೆ ಹಾಕಲು ಅಜ್ಜಿಗೆ ಮನಸ್ಸಿರಲಿಲ್ಲ, ಅದಕ್ಕೇ ಗಲ್ಲಿಗೆ ಎಸೆಯುತ್ತಿದ್ದರು. ಈಗ ಅಂಗಳದಲ್ಲಿ ತೂತು ಕೊರೆದ ಒಂದು ಡ್ರಮ್ ಇದೆ. ದಾರ ಬಿಚ್ಚಿ ಹೂವು ಹಾಕಿ, ಮೇಲೆ ಅಷ್ಟೇ ಒಣ ಎಲೆ ಹಾಕಿ. ಶುರುವಿನಲ್ಲಿ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ವಾಸನೆ ಬಂದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ. ಇನ್ನಷ್ಟು ಒಣ ಎಲೆ ಸೇರಿಸಿ ಕೆದಕಿ. ಎರಡು ತಿಂಗಳಿಗೆ ಗೊಬ್ಬರ. ತುಳಸಿ ಕುಂಡಕ್ಕೆ ಅದನ್ನು ಹಾಕುವುದು ಈಗ ಅಜ್ಜಿಯದೇ ಕೆಲಸ.

ಆಯುಧಪೂಜೆಯ ಮಾರನೇ ದಿನ ಬೇರೆಯೇ ಲೆಕ್ಕ. ಬಾಳೆ ಕಂದು, ಒಡೆದ ಬೂದುಕುಂಬಳ, ಮಾವಿನೆಲೆ, ಒಂದು ಗಾಡಿಗೆ ಒಂದೇ ಮನೆಯದು ತುಂಬುತ್ತದೆ. ಕಂದನ್ನು ಒಂದೊಂದು ಅಡಿಗೆ ಕತ್ತರಿಸಿ, ಎರಡು ದಿನ ಹಂಚಿ ಕೊಡಿ.

ಇಷ್ಟೆಲ್ಲ ಸರಿಹೋದ ಮೇಲೆ ಗಲ್ಲಿಗೆ ಕೈ ಹಾಕಿ, ಮೊದಲೇ ಅಲ್ಲ. ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಬರೆದುಕೊಟ್ಟು, ಒಂದೇ ದಿನ ಪೂರ್ತಿ ಎತ್ತಿಸಿ. ಅವತ್ತೇ ಗುಡಿಸಿ, ಒಂದು ಬಲ್ಬ್ ಹಾಕಿ. ದೇವರ ಟೈಲ್ಸ್ ಅಂಟಿಸಬೇಡಿ. ಕಸ ಹತ್ತು ಹೆಜ್ಜೆ ಆಚೆ ಹೋಗಿ ಬೀಳುತ್ತದೆ, ದೇವರಿಗೂ ಅವಮಾನ. ಅದರ ಬದಲು ಹತ್ತು ದಿನ, ರಾತ್ರಿ ಒಂಬತ್ತರಿಂದ ಹತ್ತರವರೆಗೆ ಇಬ್ಬಿಬ್ಬರು ಕುರ್ಚಿ ಹಾಕಿ ಕೂತುಕೊಳ್ಳಿ. ನಾವು ಅವರೆಕಾಳು ಬಿಡಿಸುತ್ತಾ ಕೂತಿದ್ದೆವು. ಕವರ್ ಹಿಡಿದು ಬಂದವರು ನಮ್ಮನ್ನು ನೋಡಿ, ಮಾತಾಡಿಸಿ, ಕವರ್ ಸಮೇತ ವಾಪಸ್ ಹೋದರು.

ಗೋಡೆಯ ಬುಡಕ್ಕೆ ಸಿಮೆಂಟ್ ಬಳಿಯಬೇಡಿ. ತೇವ ಒಳಗೇ ಕೂತು ಗಾರೆಯನ್ನು ಇನ್ನಷ್ಟು ತಿನ್ನುತ್ತದೆ. ಉಪ್ಪು ಕೆರೆದು, ಬೇಸಿಗೆಯಲ್ಲಿ ಒಣಗಲು ಬಿಟ್ಟು, ಸುಣ್ಣದ ಗಾರೆ ಮೆತ್ತಿ ಸುಣ್ಣ ಹೊಡೆಸಿ. ನಮ್ಮದು ಎರಡು ಮಳೆಗಾಲ ತಡೆದಿದೆ. ನಲ್ಲಿ ನೀರು ಹರಿದು ಹೋಗುವ ಮೂಲೆಯಲ್ಲಿ ಮಾತ್ರ ಇನ್ನೂ ಬಿಳಿ ಕಾಣುತ್ತಿದೆ. ಶಿವರಾತ್ರಿ ಕಳೆದ ಮೇಲೆ ಅಷ್ಟನ್ನು ಮತ್ತೆ ಕೆರೆಯಬೇಕು.