ಲೆನ್ಸ್ ಹಾಕಿ ಕಣ್ಣು ಕೆಂಪಾಯ್ತಾ? ಮೊದಲು ಇಷ್ಟು ಮಾಡಿ

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾದರೆ ಮದ್ರಾಸ್ ಐ ಇರಬೇಕು ಅಂತ ಸುಮ್ನೆ ಕೂರಬೇಡಿ. ದಾವಣಗೆರೆಯ ಮಂಡಿಪೇಟೆ ಹತ್ತಿರ ನಮ್ಮ ಕನ್ನಡಕದ ಅಂಗಡಿ ಇದೆ. ನಾನು ಆಪ್ಟೊಮೆಟ್ರಿ ಓದಿದವಳು. ಕಣ್ಣು ಪರೀಕ್ಷೆ ಮಾಡಿ ಲೆನ್ಸ್ ಕೊಡುತ್ತೇನೆ, ಔಷಧ ಬರೆಯುವುದು ಡಾಕ್ಟರ ಕೆಲಸ. ಮದುವೆ ಸೀಸನ್‌ನಲ್ಲಿ ಬರುವ ಕೆಂಪು ಕಣ್ಣುಗಳ ಕಥೆ ಹೆಚ್ಚುಕಮ್ಮಿ ಒಂದೇ. ಸಂಜೆ ರಿಸೆಪ್ಷನ್‌ಗೆ ಲೆನ್ಸ್ ಹಾಕಿರುತ್ತಾರೆ. ಫೋಟೋ ಮುಗಿಯುವಾಗ ನಡುರಾತ್ರಿ. ಬೆಳಿಗ್ಗೆ ಬೇಗ ಮುಹೂರ್ತ, ಯಾರು ತೆಗೆದು ಹಾಕ್ತಾರೆ ಅಂತ ಹಾಗೇ ಮಲಗುತ್ತಾರೆ. ಮರುದಿನ ಹೋಮದ ಹೊಗೆ ಬೇರೆ.

ಕರಿಗುಡ್ಡೆಯ ಮೇಲೆ ಗಾಜಿನಂಥ ಪದರವೊಂದಿದೆ, ಅದೇ ಕಾರ್ನಿಯಾ. ಅದರಲ್ಲಿ ರಕ್ತನಾಳ ಇಲ್ಲ. ಬೇಕಾದ ಆಮ್ಲಜನಕದ ಬಹುಪಾಲನ್ನು ಕಣ್ಣೀರಿನ ಮೂಲಕ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಲೆನ್ಸ್ ಅದಕ್ಕೆ ಅಡ್ಡ. ಅದರ ಮೇಲೆ ರೆಪ್ಪೆಯೂ ಮುಚ್ಚಿದರೆ ಇನ್ನೂ ಕಷ್ಟ. ಕಾರ್ನಿಯಾ ಊದಿಕೊಳ್ಳುತ್ತದೆ, ಮೇಲ್ಪದರ ಸಡಿಲವಾಗುತ್ತದೆ, ಸಣ್ಣ ಗೀರು ಬಿದ್ದರೂ ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ವರ್ಷಗಟ್ಟಲೆ ಹೀಗೆ ಮಾಡಿದವರ ಕಣ್ಣಲ್ಲಿ ಅಂಚಿನಿಂದ ರಕ್ತನಾಳಗಳು ಒಳಕ್ಕೆ ಬೆಳೆದಿರುತ್ತವೆ. ನೋವಿಲ್ಲದ ಕಾರಣ ಅವರಿಗೆ ಗೊತ್ತೇ ಇರುವುದಿಲ್ಲ.

ಮೊದಲ ಕೆಲಸ ಲೆನ್ಸ್ ತೆಗೆಯುವುದು. ಕೈಯನ್ನು ಸೋಪು ಹಚ್ಚಿ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಮಿರ್ಚಿ ಮಂಡಕ್ಕಿ ತಿಂದ ಕೈಯಾದರೆ ಎರಡು ಸಲ ತೊಳೆಯಿರಿ, ಖಾರ ಅಷ್ಟು ಸುಲಭಕ್ಕೆ ಹೋಗಲ್ಲ. ರಾತ್ರಿಯಿಡೀ ಇದ್ದ ಲೆನ್ಸ್ ಒಣಗಿ ಗೋಂದು ಹಚ್ಚಿದ ಹಾಗೆ ಅಂಟಿರುತ್ತದೆ. ಆಗ ಉಗುರು ಹಾಕಿ ಎಳೆಯಬೇಡಿ. ಲೆನ್ಸ್ ಜೊತೆ ಕಾರ್ನಿಯಾದ ಮೇಲ್ಪದರವೂ ಕಿತ್ತು ಬರಬಹುದು. ಲೆನ್ಸ್ ಹಾಕಿದ ಕಣ್ಣಿಗೆ ಅಂತಲೇ ಸಿಗುವ ತೇವದ ಡ್ರಾಪ್ಸ್ ಅಥವಾ ಸ್ಟೆರೈಲ್ ಸಲೈನ್ (ಸೂಕ್ಷ್ಮಜೀವಿ ಇಲ್ಲದಂತೆ ಮಾಡಿ ಮಾರುವ ಉಪ್ಪುನೀರು) ಕೆಲವು ಹನಿ ಬಿಡಿ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು, ಆಮೇಲೆ ರೆಪ್ಪೆ ಬಡಿಯಿರಿ. ಲೆನ್ಸ್ ತಾನಾಗೇ ಜಾರತೊಡಗಿದ ಮೇಲೆ ಕೆಳಗೆ ಬಿಳಿಗುಡ್ಡೆಯ ಕಡೆ ಸರಿಸಿ, ಬೆರಳ ತುದಿಯ ಮೆತ್ತನೆ ಭಾಗದಿಂದ ಹಿಡಿದು ತೆಗೆಯಿರಿ. ಏನು ಮಾಡಿದರೂ ಅಲುಗದಿದ್ದರೆ ಹಾಗೇ ಡಾಕ್ಟರ ಹತ್ತಿರ ಹೋಗಿ.

ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಬಿಸಾಡಬೇಡಿ, ತೊಳೆಯಲೂ ಬೇಡಿ. ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಯಾವ ಸೂಕ್ಷ್ಮಜೀವಿ ಅಂತ ಲ್ಯಾಬ್‌ನಲ್ಲಿ ಅದರಿಂದಲೂ ಗೊತ್ತಾಗಬಹುದು.

ಲೆನ್ಸ್ ತೆಗೆದ ಮೇಲೆ ಡಾಕ್ಟರು ಹೇಳದೆ ಕಣ್ಣಿಗೆ ಏನೂ ಹಾಕಬೇಡಿ. ನಂದಿಬಟ್ಟಲು ಹೂವಿನ ರಸ, ಎದೆಹಾಲು, ರೋಸ್ ವಾಟರ್, ಹರಳೆಣ್ಣೆ, ಯಾವುದೂ ಬೇಡ. ಹೇಳುವ ಅಜ್ಜಿಯರ ಮೇಲೆ ನನಗೆ ಪ್ರೀತಿಯೇ, ಆದರೆ ಗಾಯವಾದ ಕಾರ್ನಿಯಾಕ್ಕೆ ಅವು ಸೋಂಕು ತರುತ್ತವೆ. ಇವಕ್ಕಿಂತ ನನಗೆ ಭಯ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಡ್ರಾಪ್ಸ್ ಕಂಡರೆ. ಬಾಟಲಿ ಮೇಲೆ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಅಂತಿದ್ದರೆ ಅದು ಸ್ಟಿರಾಯ್ಡ್. ಕೆಂಪು ಬೇಗ ಇಳಿಯುತ್ತದೆ, ನೋಡೋಕೆ ವಾಸಿಯಾದ ಹಾಗೇ ಇರುತ್ತದೆ. ಒಳಗೆ ಫಂಗಸ್ ಇದ್ದರೆ ಅದಕ್ಕೆ ಹಬ್ಬ. ಪಟ್ಟಿ ಕಟ್ಟುವುದೂ ತಪ್ಪು. ಮುಚ್ಚಿದ ಬೆಚ್ಚಗಿನ ಕಣ್ಣಲ್ಲಿ ಸೋಂಕು ಜಾಸ್ತಿಯಾಗುತ್ತದೆ.

ಲೆನ್ಸ್ ತೆಗೆದ ಮೇಲೂ ಕೆಂಪು ಉಳಿದಿದ್ದರೆ, ಅಥವಾ ನೋವು, ಬೆಳಕು ನೋಡಲಾಗದಿರುವುದು, ಮಂಜು, ಗೀಜು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇವುಗಳಲ್ಲಿ ಒಂದು ಇದ್ದರೂ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ನಮ್ಮೂರಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆ ಮೂರರಲ್ಲೂ ಕಣ್ಣಿನ ವಿಭಾಗವಿದೆ. 'ಲೆನ್ಸ್ ಹಾಕ್ಕೊಂಡು ಮಲಗಿದ್ದೆ' ಅನ್ನುವ ಮಾತನ್ನು ಮುಚ್ಚಿಡಬೇಡಿ.

ಅಲ್ಲಿ ಫ್ಲೋರೆಸಿನ್ ಅನ್ನುವ ಕಿತ್ತಳೆ ಬಣ್ಣ ಹಚ್ಚಿ ನೀಲಿ ಬೆಳಕಲ್ಲಿ ನೋಡುತ್ತಾರೆ. ಗಾಯವಾದ ಜಾಗ ಹಸಿರಾಗಿ ಹೊಳೆಯುತ್ತದೆ. ಬರೀ ಗೀರಾದರೆ ಆಂಟಿಬಯಾಟಿಕ್ ಡ್ರಾಪ್ಸ್ ಹಾಕಿಕೊಂಡು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಹುಣ್ಣಾಗಿದ್ದರೆ ಅದರ ಅಂಚನ್ನು ಕೆರೆದು ಲ್ಯಾಬ್‌ಗೆ ಕಳಿಸಬಹುದು. ಬ್ಯಾಕ್ಟೀರಿಯಾ ಅನುಮಾನವಿದ್ದರೆ ಮೊದಲ ಒಂದೆರಡು ದಿನ ಗಂಟೆಗೊಮ್ಮೆ, ರಾತ್ರಿಯೂ ಎದ್ದು ಹಾಕುವಂಥ ಡ್ರಾಪ್ಸ್ ಬರೆಯುತ್ತಾರೆ. ಫಂಗಸ್‌ಗೆ ನಾಟಮೈಸಿನ್ ಅನ್ನುವ ಡ್ರಾಪ್ಸ್, ವಾರಗಟ್ಟಲೆ. ನೀರಲ್ಲಿರುವ ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿ ಹೊಕ್ಕಿದ್ದರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಭದ್ರಾ ನಾಲೆ ನೀರು, ಬೋರ್‌ವೆಲ್ ನೀರು, ಕ್ಯಾನ್ ನೀರು ಯಾವುದೂ ಲೆನ್ಸಿಗೆ ತಾಗಬಾರದು ಅನ್ನುವುದು ಅದಕ್ಕೇ. ಕಲೆ ಉಳಿದು ದೃಷ್ಟಿ ಹೋದರೆ ಕೆಲವರಿಗೆ ಕಾರ್ನಿಯಾ ಕಸಿಯೇ ಬೇಕಾಗುತ್ತದೆ.

ಡ್ರಾಪ್ಸ್ ಹಾಕುವಾಗ ಕೆಳರೆಪ್ಪೆ ಎಳೆದು ಆ ಜೋಳಿಗೆಯಲ್ಲಿ ಒಂದೇ ಹನಿ ಬಿಡಿ, ಬಾಟಲಿ ತುದಿ ತಾಗದಿರಲಿ. ಎರಡು ಔಷಧವಿದ್ದರೆ ನಡುವೆ ಐದು ನಿಮಿಷ ಬಿಡಿ. ನಾಟಮೈಸಿನ್ ಚೆನ್ನಾಗಿ ಅಲ್ಲಾಡಿಸಿ ಹಾಕಿ. ರಾತ್ರಿಗೆ ಮೊಬೈಲ್ ಅಲಾರಂ ಇಡಿ, ಮನೆಯವರಿಗೂ ಹೇಳಿರಿ. ನೋವು ಕಡಿಮೆಯಾಯ್ತು ಅಂತ ಅರ್ಧಕ್ಕೆ ಬಿಡುವವರೇ ಜಾಸ್ತಿ. ಪರೀಕ್ಷೆಗೆ ಮುಂಚೆ ಡಾಕ್ಟರು ಹಾಕಿದ ಮರಗಟ್ಟಿಸುವ ಹನಿ ಹಿತವಾಗಿತ್ತು ಅಂತ ಅದನ್ನು ಮನೆಗೆ ಕೇಳಬೇಡಿ. ಪದೇ ಪದೇ ಹಾಕಿದರೆ ಅದೇ ಕಾರ್ನಿಯಾವನ್ನು ತಿನ್ನುತ್ತದೆ.

ಮತ್ತೆ ಲೆನ್ಸ್ ಯಾವಾಗ? ಡಾಕ್ಟರು ಹೂಂ ಅಂದ ಮೇಲೆ. ಹಳೇ ಲೆನ್ಸ್, ಡಬ್ಬಿ, ತೆರೆದ ಲೆನ್ಸ್ ಸೊಲ್ಯೂಷನ್ (ಲೆನ್ಸ್ ತೊಳೆದು ಇಡುವ ದ್ರಾವಣ) ಎಲ್ಲ ಕಸಕ್ಕೆ. ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್ ಆಮ್ಲಜನಕ ಜಾಸ್ತಿ ಬಿಡುತ್ತದೆ, ಆದರೂ ಹಾಕಿಕೊಂಡು ಮಲಗಬೇಡಿ. ತಿಂಗಳ ಲೆನ್ಸ್ ಅಂದರೆ ಪೊಟ್ಟಣ ಒಡೆದ ದಿನದಿಂದ 30 ದಿನ. ಹಾಕಿದ ದಿನ ಮಾತ್ರ ಎಣಿಸುವುದು ಕಾಲೇಜು ಹುಡುಗರ ಲೆಕ್ಕ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ.

ಇನ್ನೊಂದು. 'ಕನ್ನಡಕ ಒಡೆದು ವರ್ಷವಾಯ್ತು ಮೇಡಂ, ಲೆನ್ಸ್ ತೆಗೆದರೆ ಬೈಕ್ ಓಡಿಸೋದು ಹೇಗೆ' ಅಂತ ಕೆಂಪು ಕಣ್ಣಲ್ಲೇ ಲೆನ್ಸ್ ಹಾಕಿ ಬರುವವರು ಇದ್ದಾರೆ. ಈಗಿನ ನಂಬರಿನ ಒಂದು ಕನ್ನಡಕ ಮಾಡಿಸಿಡಿ. ಫ್ರೇಮ್ ಅಗ್ಗದ್ದಾದರೂ ನಡೆಯುತ್ತೆ.